ಹೊಳೆ ಯಾವಾಗ ಇಳಿದೀತು?

ಪುನರ್ವಸು ಮಳೆ ಹಿಡಿಯಿತೆಂದರೆ ಕಳಸ, ಹೊರನಾಡು ಸೀಮೆಯಲ್ಲಿ ಹಗಲು ಯಾವುದು, ಸಂಜೆ ಯಾವುದು ಎಂಬುದೇ ತಿಳಿಯದು. ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ಕೆಂಪಗೆ ತುಂಬಿ ಹರಿಯುತ್ತಾಳೆ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆಯ ಮೇಲೆ ನೀರು ಹರಿದು ಸಂಚಾರ ನಿಂತ ಮಳೆಗಾಲಗಳು ಒಂದೆರಡಲ್ಲ. ಆಗ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಹೊರಟ ಯಾತ್ರಿಕರಿಗೂ, ಕಾಲೇಜಿಗೆ ಹೊರಟ ಮಕ್ಕಳಿಗೂ, ತೋಟದ ಕೆಲಸದವರಿಗೂ ಇರುವುದು ಒಂದೇ ಪ್ರಶ್ನೆ: ನೀರು ಯಾವಾಗ ಇಳಿದೀತು?

ಹೊಳೆಯನ್ನು ಬಲ್ಲ ಹಿರಿಯರು ದಡದ ಬಂಡೆಯ ಮೇಲಿನ ನೀರಿನ ಗುರುತು ನೋಡಿ, ಘಟ್ಟದ ಕಡೆಯ ಮೋಡ ನೋಡಿ ಒಂದು ಅಂದಾಜು ಹೇಳುತ್ತಾರೆ. ಅದೇ ಅಂದಾಜನ್ನು ಅಂಕಿಗಳಲ್ಲಿ, ಇತರರು ಪರೀಕ್ಷಿಸಲು ಬರುವಂತೆ ಬರೆದರೆ ಅದಕ್ಕೆ ‘ಗಣಿತ ಮಾದರಿ’ ಎಂದು ಹೆಸರು. ಅನ್ವಯಿಕ ಗಣಿತದ ಸಂಶೋಧಕರು ತಮ್ಮ ಉಪನ್ಯಾಸಗಳಲ್ಲಿ ಹೇಳುವುದು ಬಹುಮಟ್ಟಿಗೆ ಇಂಥ ಮಾದರಿಗಳ ಕಥೆಯನ್ನೇ.

ತೂತು ಹಂಡೆಯ ಲೆಕ್ಕ

ಬಚ್ಚಲಮನೆಯ ಹಂಡೆಯೊಂದರ ತಳದಲ್ಲಿ ಸಣ್ಣ ತೂತಿದೆ ಎಂದುಕೊಳ್ಳಿ. ಮೇಲಿನಿಂದ ನೀರು ಬೀಳುತ್ತಿದೆ, ಕೆಳಗಿನಿಂದ ಸೋರುತ್ತಿದೆ. ಹಂಡೆಯಲ್ಲಿ ನೀರು ಹೆಚ್ಚಿದ್ದಷ್ಟೂ ಸೋರಿಕೆ ಜೋರು. ಹಂಡೆಯೆಂದರೆ ಭದ್ರೆಗೆ ನೀರುಣಿಸುವ ಗುಡ್ಡ, ಕಾಡು, ತೋಟಗಳ ಮಣ್ಣು. ಬೀಳುವ ನೀರು ಮಳೆ. ತೂತಿನಿಂದ ಸೋರುವುದು ಹೊಳೆ.

ಗಂಟೆಗೆ 10 ಪಾಲು ಮಳೆ, ಸತತ 5 ಗಂಟೆ ಬಿತ್ತು ಎನ್ನೋಣ. ಪ್ರತಿ ಗಂಟೆಯ ಕೊನೆಗೆ ಹಂಡೆಯಲ್ಲಿರುವ ನೀರಿನ ಹತ್ತರಲ್ಲೊಂದು ಪಾಲು ಸೋರುತ್ತದೆ. ಹಂಡೆ ಮೊದಲು ಖಾಲಿಯಿದ್ದರೆ ಮೊದಲ ಗಂಟೆಯಲ್ಲಿ ಸೋರುವುದು 1 ಪಾಲು, ಎರಡನೆಯದರಲ್ಲಿ 1.9, ಮೂರನೆಯದರಲ್ಲಿ 2.7, ಐದನೆಯದರಲ್ಲಿ ಸುಮಾರು 4.1. ಮಳೆ ನಿಂತ ಮೇಲೂ ಸೋರಿಕೆ ನಿಲ್ಲದು. ಅದು ಅರ್ಧಕ್ಕಿಳಿಯಲು ಏಳು ಗಂಟೆಯಷ್ಟು ಬೇಕು. ಆಕಾಶ ತಿಳಿಯಾದ ಮೇಲೂ ಹೊಳೆ ಏಕೆ ಕೂಡಲೇ ಇಳಿಯುವುದಿಲ್ಲ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಈಗ ಅದೇ ಮಳೆ, ಆದರೆ ಹಂಡೆಯಲ್ಲಿ ಮೊದಲೇ 30 ಪಾಲು ನೀರಿದೆ. ಐದನೇ ಗಂಟೆಯ ಸೋರಿಕೆ 4.1ರ ಬದಲು 6.1 ಆಗುತ್ತದೆ, ಅಂದರೆ ಸುಮಾರು ಒಂದೂವರೆ ಪಟ್ಟು. ಮುಂಗಾರಿನ ಮೊದಲ ಮಳೆಯನ್ನು ಒಣಗಿದ ನೆಲ ಕುಡಿದುಬಿಡುತ್ತದೆ; ಅಷ್ಟೇ ಮಳೆ ಆಶ್ಲೇಷದಲ್ಲಿ ಬಿದ್ದರೆ ಹೊಳೆ ಉಕ್ಕುತ್ತದೆ. ಮಲೆನಾಡಿಗರು ಅನುಭವದಿಂದ ಬಲ್ಲ ಈ ಸಂಗತಿಯನ್ನು ಹೈಸ್ಕೂಲು ವಿದ್ಯಾರ್ಥಿ ಕೂಡಿಸಿ ಕಳೆದು ತೋರಿಸಬಲ್ಲ. ಗಂಟೆಯ ಬದಲು ಕ್ಷಣಕ್ಷಣದ ಬದಲಾವಣೆಯನ್ನು ಹಿಡಿಯಹೊರಟರೆ ಪಿಯುಸಿಯ ಅವಕಲ ಸಮೀಕರಣ ಕೈಗೆ ಬರುತ್ತದೆ.

ಆದರೆ ‘ಹತ್ತರಲ್ಲೊಂದು’ ಎಂಬುದು ಇಲ್ಲಿ ಊಹಿಸಿಕೊಂಡ ಅಂಕಿ. ಭದ್ರೆಯ ನಿಜವಾದ ಅಂಕಿ ಬೇಕಾದರೆ ವರ್ಷಗಟ್ಟಲೆ ಮಳೆಯನ್ನೂ ಹೊಳೆಯ ಮಟ್ಟವನ್ನೂ ಅಳೆದಿರಬೇಕು. ಅಳತೆಯಿಲ್ಲದ ಮಾದರಿ ಬರಿಯ ಕಲ್ಪನೆ. ಮಾದರಿಯಿಲ್ಲದ ಅಳತೆ ಬರಿಯ ಅಂಕಿಗಳ ರಾಶಿ.

ಮಾದರಿ ಸೋತಾಗ

ಒಂದು ಹೊಳೆಗೇ ಇಷ್ಟು ಕಷ್ಟವಾದರೆ ಇಡೀ ಮುಂಗಾರಿನ ಗತಿಯೇನು? 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಮೂಲತಃ ಕೇಂಬ್ರಿಜ್‌ನ ಗಣಿತಜ್ಞ. ಜಗತ್ತಿನ ಬೇರೆಬೇರೆ ಕಡೆಯ ವಾಯುಭಾರ, ಮಳೆಗಳ ದಾಖಲೆಗಳನ್ನು ಒಂದರೊಡನೊಂದು ಹೋಲಿಸಿ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ವಾಯುಭಾರ ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಅವರು ಗುರುತಿಸಿದರು. 1913ರಲ್ಲಿ ಮದ್ರಾಸಿಗೆ ಬಂದಾಗ ಶ್ರೀನಿವಾಸ ರಾಮಾನುಜನ್ ಅವರ ಗಣಿತವನ್ನು ಕಂಡು, ಅವರಿಗೆ ನೆರವು ನೀಡುವಂತೆ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದವರೂ ಇದೇ ವಾಕರ್.

1988ರಿಂದ ಹವಾಮಾನ ಇಲಾಖೆ ಹದಿನಾರು ಅಂಶಗಳನ್ನು ಆಧರಿಸಿದ ಮಾದರಿಯೊಂದರಿಂದ ಮುಂಗಾರಿನ ಮುನ್ಸೂಚನೆ ನೀಡತೊಡಗಿತು. ವರ್ಷಗಳ ಕಾಲ ‘ಸಾಧಾರಣ ಮಳೆ’ ಎಂಬ ಮಾತು ಹುಸಿಯಾಗಲಿಲ್ಲ. 2002ರಲ್ಲೂ ಅದೇ ಮಾತು ಹೊರಬಿತ್ತು. ಆ ವರ್ಷ ದೇಶದ ಮುಂಗಾರು ವಾಡಿಕೆಯ 81 ಶೇಕಡಕ್ಕೆ ಇಳಿದು ಬರ ಬಂತು. ಮರುವರ್ಷ ಇಲಾಖೆ ಆ ಮಾದರಿಯನ್ನು ಕೈಬಿಟ್ಟು ಹೊಸದನ್ನು ತಂದಿತು. ಇದನ್ನು ಗಣಿತದ ಸೋಲೆಂದು ನಗುವವರುಂಟು. ಆದರೆ ಎಷ್ಟು ಶೇಕಡ ತಪ್ಪಾಯಿತೆಂದು ಹೇಳಲು ಬರುವಂತೆ ಮಾತಾಡಿದ್ದರಿಂದಲೇ ತಪ್ಪು ಸಿಕ್ಕಿತು, ತಿದ್ದಲು ದಾರಿಯಾಯಿತು. ಎಂದೂ ತಪ್ಪದ ಭವಿಷ್ಯ ಹೇಳುವವರ ಮಾತಿನಲ್ಲಿ ಅಳೆಯಲು ಸಿಗುವ ಅಂಕಿಯೇ ಇರುವುದಿಲ್ಲ.

ರೈತರ ಪ್ರಶ್ನೆ, ಗಣಿತದ ಉತ್ತರ

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಸುಲೋಚನಾ ಗಾಡ್ಗೀಳ್ ಅವರದು ದೊಡ್ಡ ಹೆಸರು. ಹಾರ್ವರ್ಡ್‌ನಲ್ಲಿ ಅನ್ವಯಿಕ ಗಣಿತದಲ್ಲಿ ಡಾಕ್ಟರೇಟ್ ಪಡೆದು ದೇಶಕ್ಕೆ ಮರಳಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರಿನ ಅಧ್ಯಯನ ನಡೆಸಿದರು. ಡಿ.ಆರ್. ಸಿಕ್ಕಾ ಅವರೊಡನೆ ದಿನದಿನದ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ 1980ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾದದ್ದು. ಸಮಭಾಜಕದ ಬಳಿಯ ಸಾಗರದ ಮೇಲಿನ ಮೋಡಪಟ್ಟಿಯೊಂದು ಮುಂಗಾರಿನಲ್ಲಿ ಮತ್ತೆಮತ್ತೆ ಉತ್ತರಕ್ಕೆ ಸರಿದು ನೆಲದ ಮೇಲೆ ಬರುತ್ತದೆ ಎಂದು ಅವರು ತೋರಿಸಿದರು. ಮುಂಗಾರೆಂದರೆ ನೆಲ ಕಾದು ಕಡಲಿನ ಗಾಳಿಯನ್ನು ಸೆಳೆಯುವುದಷ್ಟೇ ಎಂಬ ಪಠ್ಯಪುಸ್ತಕದ ವಿವರಣೆ ಸಾಲದೆಂಬುದು ಇಂಥ ಕೆಲಸದಿಂದ ಸ್ಪಷ್ಟವಾಯಿತು.

ಅವರ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಪಾವಗಡ, ಅನಂತಪುರ ಸೀಮೆಯಲ್ಲಿ ಮಳೆಯನ್ನೇ ನಂಬಿ ಕಡಲೆಕಾಯಿ ಬೆಳೆಯುವ ರೈತರೊಡನೆ ಅವರ ತಂಡ ಕುಳಿತು ಮಾತಾಡಿತು. ರೈತರಿಗೆ ಬೇಕಿದ್ದದ್ದು ದೇಶದ ಸರಾಸರಿ ಮಳೆಯಲ್ಲ; ಯಾವ ವಾರ ಬಿತ್ತಿದರೆ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಡುವ ಭಯ ಕಡಿಮೆ ಎಂಬುದು. ಹಲವು ದಶಕಗಳ ಮಳೆಯ ದಾಖಲೆಯನ್ನು ಬೆಳೆಯ ಗಣಿತ ಮಾದರಿಗೆ ಉಣಿಸಿ, ಬಿತ್ತನೆಯ ದಿನವನ್ನು ಬದಲಿಸುತ್ತಾ ಇಳುವರಿ ಹೇಗೆ ಬದಲಾಗುತ್ತದೆಂದು ತಂಡ ಲೆಕ್ಕ ಹಾಕಿತು. ಸರಿಯಾದ ಪ್ರಶ್ನೆ ಕೇಳಿದವನು ರೈತ. ಉತ್ತರ ಹುಡುಕುವ ದಾರಿ ತೋರಿಸಿದ್ದು ಗಣಿತ.

ಉಪನ್ಯಾಸ ಕೇಳುವ ಬಗೆ

ಇಂಥ ಸಂಶೋಧನೆಯನ್ನು ಕೇಳಿ ತಿಳಿಯಲು ಪಿಎಚ್.ಡಿ. ಬೇಕಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ, ಬೆಂಗಳೂರಿನಲ್ಲಿರುವ ಕೇಂದ್ರಗಳಲ್ಲಿ ಎರಡು ಇವು: ಅನ್ವಯಿಕ ಗಣಿತಕ್ಕೆಂದೇ ಇರುವುದೊಂದು, ಹೆಸರಘಟ್ಟ ಹೋಬಳಿಯ ಶಿವಕೋಟೆಯ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಇನ್ನೊಂದು. ಈ ಎರಡನೆಯ ಕೇಂದ್ರವು ಜವಾಹರಲಾಲ್ ನೆಹರೂ ತಾರಾಲಯದ ಸಹಯೋಗದಲ್ಲಿ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಎಂಬ ಸಾರ್ವಜನಿಕ ಉಪನ್ಯಾಸ ಮಾಲೆಯನ್ನು ನಡೆಸಿಕೊಂಡು ಬಂದಿದೆ. ಅದರ ಅನೇಕ ಉಪನ್ಯಾಸಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಸಿಗ್ನಲ್ ಸಿಕ್ಕುವ ಗುಡ್ಡವೊಂದಿದ್ದರೆ ಹೊರನಾಡಿನ ವಿದ್ಯಾರ್ಥಿಗೂ ಅವು ದೂರವಲ್ಲ.

ಕೇಳುವಾಗ ಪ್ರತಿಯೊಂದು ಸಮೀಕರಣವೂ ಅರ್ಥವಾಗಬೇಕೆಂದಿಲ್ಲ. ಮೂರು ಪ್ರಶ್ನೆಗಳು ನೆನಪಿನಲ್ಲಿದ್ದರೆ ಸಾಕು. ಈ ಮಾದರಿ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ, ಯಾವುದನ್ನು ಬಿಟ್ಟಿದೆ? ಅದನ್ನು ಯಾವ ಅಳತೆಯೊಡನೆ ಹೋಲಿಸಿ ನೋಡಲಾಗಿದೆ? ಅದು ಎಲ್ಲಿ ತಪ್ಪುತ್ತದೆ? ಮೂರನೆಯ ಪ್ರಶ್ನೆಗೆ ತಾವಾಗಿಯೇ ಉತ್ತರ ಕೊಡುವ ಉಪನ್ಯಾಸಕರ ಮಾತನ್ನು ಧೈರ್ಯವಾಗಿ ನಂಬಬಹುದು.

ಗಣಿತ ಓದಿದರೆ ಮೇಷ್ಟರಾಗುವುದಷ್ಟೇ ಎಂದು ಚಿಂತಿಸುವ ತಂದೆತಾಯಿಗಳಿಗೂ ಇಲ್ಲೊಂದು ಮಾತಿದೆ. ಅಣೆಕಟ್ಟಿನ ಬಾಗಿಲನ್ನು ಎಷ್ಟು ತೆರೆಯಬೇಕು, ಬೆಳೆವಿಮೆಯ ಕಂತು ಎಷ್ಟಿರಬೇಕು, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮುಂದೆ ಯಾವ ಕಡೆ ಕಾಣಿಸೀತು—ಇವೆಲ್ಲ ಇಂದು ಗಣಿತ ಮಾದರಿಗಳ ಕೆಲಸ. ಮಲೆನಾಡನ್ನು ಬಲ್ಲ ಮಕ್ಕಳೇ ಈ ವಿದ್ಯೆ ಕಲಿತರೆ ಮಲೆನಾಡಿನ ಪ್ರಶ್ನೆಗಳಿಗೆ ಲೆಕ್ಕ ಹಾಕುವವರು ಸಿಕ್ಕಾರು.

ಆರಂಭಕ್ಕೆ ಬೇಕಾದದ್ದು ಹೆಚ್ಚೇನಲ್ಲ. ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುವ ರೂಢಿ ಹಳೆಯದು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು ನೀರು. ಹೂಮಳೆ ತಪ್ಪಿದ ವರ್ಷ ಸ್ಪ್ರಿಂಕ್ಲರ್ ಹೊತ್ತು ಹೊಳೆಯಿಂದ ಎತ್ತಬೇಕಾದ ನೀರೆಷ್ಟೆಂದು ಇದರಿಂದಲೇ ತಿಳಿಯುತ್ತದೆ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಿನಲ್ಲಿಟ್ಟು, ದಿನವೂ ಬೆಳಿಗ್ಗೆ ಅದೇ ಹೊತ್ತಿಗೆ ಸ್ಕೇಲಿನಿಂದ ನೀರಿನ ಆಳ ಅಳೆದು, ಡಬ್ಬಿ ಬರಿದುಮಾಡಿ, ಪಕ್ಕದಲ್ಲಿ ಹೊಳೆಯ ಮಟ್ಟವನ್ನೂ ಗುರುತಿಸುತ್ತಾ ಹೋದರೆ ಕೆಲವು ಮಳೆಗಾಲಗಳಲ್ಲಿ ‘ಹತ್ತರಲ್ಲೊಂದು’ ಎಂಬ ಊಹೆಯ ಜಾಗದಲ್ಲಿ ನಿಜದ ಅಂಕಿಯೊಂದು ಬಂದು ಕೂರುತ್ತದೆ. ಹೊಳೆಯ ಅಂಚಿಗೆ ಮಾತ್ರ ಇಳಿಯಬಾರದು. ಮಟ್ಟವನ್ನು ದೂರದಿಂದ, ದೊಡ್ಡವರ ಜೊತೆಯಲ್ಲಿ ನೋಡಿದರೆ ಸಾಕು.

ಮುಂದೊಂದು ಆಷಾಢದಲ್ಲಿ ಸೇತುವೆಯ ಬಳಿ ಬಸ್ಸು ನಿಂತಾಗ, ನೀರು ಯಾವಾಗ ಇಳಿದೀತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಬಂಡೆಯ ಗುರುತು ನೋಡುವ ಹಿರಿಯರ ಪಕ್ಕದಲ್ಲಿ, ನೋಟ್ ಪುಸ್ತಕ ಬಿಡಿಸುವ ಹುಡುಗಿಯೊಬ್ಬಳಿದ್ದರೆ ಇಬ್ಬರ ಅಂದಾಜನ್ನೂ ಕೇಳಬಹುದು.