ಕಡತದಲ್ಲಿಲ್ಲದ ಪೂರ್ವಚರಿತ್ರೆ

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವೆಸಗಿದವನ ಮನಸ್ಸನ್ನು ಪರೀಕ್ಷಿಸುವ ಶಾಸ್ತ್ರವು ಅವನ ಪಾತಕಕ್ಕೆ ನೆವ ಹುಡುಕುವ ಪರಿಶ್ರಮವೆಂದು ಅನೇಕರು ಭಾವಿಸುವುದುಂಟು. ಆದರೆ ಅಂಥವನ ಕೈ ಮತ್ತೊಂದು ಕೂಸಿನ ಮೇಲೆ ಬೀಳದಂತೆ ತಡೆಯಬೇಕಾದರೆ, ಅವನು ಯಾವ ಹಾದಿಯಿಂದ ಆ ಕೃತ್ಯಕ್ಕೆ ಇಳಿದನೆಂಬುದನ್ನು ಅರಿಯದೆ ಗತ್ಯಂತರವಿಲ್ಲ.

ಅಪರಿಚಿತನಾದ ರಾಕ್ಷಸನೊಬ್ಬನು ಕತ್ತಲಲ್ಲಿ ಬರುವನೆಂಬ ಜನಜನಿತ ಕಲ್ಪನೆಯನ್ನು ಸಂಶೋಧನೆಯು ಎಂದೋ ಕೆಡವಿದೆ. ಕೇಂದ್ರ ಸರಕಾರವು 13 ರಾಜ್ಯಗಳಲ್ಲಿ ನಡೆಯಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೌರ್ಜನ್ಯವೆಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಅದರ ವಿಶ್ವಾಸಕ್ಕೆ ಪಾತ್ರರಾದವರು. ಅವರೆಲ್ಲರೂ ಮಕ್ಕಳಲ್ಲಿಯೇ ಕಾಮಾಸಕ್ತಿಯುಳ್ಳ ರೋಗಿಗಳೆಂಬುದೂ ನಿಜವಲ್ಲ; ಎಷ್ಟೋ ಜನರಲ್ಲಿ ಅಂತಹ ಸ್ಥಿರವಾದ ಆಸಕ್ತಿಯೇ ಕಾಣದು.

ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಂಕೆಲ್‌ಹೋರ್ 1984ರಲ್ಲಿ ಅಪರಾಧಿಯು ಇಳಿಯುವ ಈ ಹಾದಿಯನ್ನು ನಾಲ್ಕು ಹೊಸ್ತಿಲುಗಳಂತೆ ವಿವರಿಸಿದರು: ಮೊದಲು ದುಷ್ಪ್ರೇರಣೆ ಹುಟ್ಟಬೇಕು, ಬಳಿಕ ತನ್ನ ಅಂತಸ್ಸಾಕ್ಷಿಯನ್ನು ಅಡಗಿಸಬೇಕು, ಆಮೇಲೆ ಹೊರಗಿನ ಕಾವಲನ್ನು ದಾಟಬೇಕು, ಕಡೆಗೆ ಮಗುವಿನ ಪ್ರತಿರೋಧವನ್ನು ಮುರಿಯಬೇಕು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಿಂದ ಮಹಾರಾಷ್ಟ್ರಕ್ಕೂ ಗೋವೆಗೂ ಗುಳೆ ಹೋಗುವ ಕುಟುಂಬಗಳು ಮಕ್ಕಳನ್ನು ಬಂಧುಗಳ ಮನೆಯಲ್ಲಿ ಬಿಟ್ಟು ಹೋಗಬೇಕಾಗಿ ಬಂದಾಗ, ಮೂರನೆಯ ಹೊಸ್ತಿಲು ತಾನಾಗಿಯೇ ತಗ್ಗುತ್ತದೆ. ಹೊಟ್ಟೆಪಾಡಿಗೆ ಹೊರಟ ತಾಯಿತಂದೆಗಳನ್ನು ದೂಷಿಸಲು ನನಗೆ ಮನಸ್ಸಿಲ್ಲ; ದೋಷವೆಲ್ಲ ಆ ಹೊಸ್ತಿಲನ್ನು ದಾಟಿದವನದು.

ಶಿಕ್ಷೆಯನ್ನು ಅನುಭವಿಸಿ ಹೊರಬರುವವನು ಮತ್ತೆ ಅದೇ ಅಪರಾಧವನ್ನು ಮಾಡುವ ಸಂಭವವೆಷ್ಟೆಂಬುದನ್ನು ಅಂದಾಜು ಮಾಡಲು ಕೆನಡಾದ ಕಾರ್ಲ್ ಹ್ಯಾನ್ಸನ್ ಮತ್ತು ಇಂಗ್ಲೆಂಡಿನ ಡೇವಿಡ್ ಥಾರ್ನ್‌ಟನ್ 1999ರಲ್ಲಿ ಸ್ಟ್ಯಾಟಿಕ್-99 ಎಂಬ ಮಾಪಕವನ್ನು ರಚಿಸಿದರು. ಅದರಲ್ಲಿ ಹತ್ತೇ ಅಂಶಗಳು: ಬಿಡುಗಡೆಯ ವೇಳೆಯ ವಯಸ್ಸು, ಹಿಂದಿನ ಮೊಕದ್ದಮೆಗಳು, ಬಲಿಯಾದವರಲ್ಲಿ ಬಂಧುವಲ್ಲದವರು ಇದ್ದರೇ, ಗಂಡುಮಕ್ಕಳು ಇದ್ದರೇ, ಇತ್ಯಾದಿ. ಸಂಗಾತಿಯೊಡನೆ ಎರಡು ವರ್ಷವಾದರೂ ಬಾಳಿದ್ದನೇ ಎಂಬುದೂ ಒಂದು ಪ್ರಶ್ನೆ. ಬಾಳಿದ್ದರೆ ಅಪಾಯದ ಅಂಕ ಇಳಿಯುತ್ತದೆ. ಹಿರಿಯರೇ ನಿಶ್ಚಯಿಸಿ ಮದುವೆ ಮಾಡುವ ನಮ್ಮ ನಾಡಿನಲ್ಲಿ ಹೆಂಡತಿಯೊಡನೆ ಬಾಳಿದ್ದು ಅವನ ಮನಸ್ಸಿನ ಆರೋಗ್ಯಕ್ಕೆ ಎಷ್ಟರ ಸಾಕ್ಷಿಯಾದೀತು?

ಇದಕ್ಕಿಂತ ಗಂಭೀರವಾದ ತೊಡಕು ಬೇರೊಂದುಂಟು. ಈ ಮಾಪಕವು ಮುಖ್ಯವಾಗಿ ಓದುವುದು ಕಡತವನ್ನು. 'ನಮ್ಮ ಪೈಕಿನವನೇ ಅದಾನ, ಮನಿ ಮರ್ಯಾದಿ ಹೋಗತೈತಿ, ಹೊರಗ ಹೇಳಬ್ಯಾಡ' ಎಂದು ಹಿರಿಯರು ಕೂಡಿ ರಾಜಿ ಮಾಡಿಸಿದ ಪ್ರಕರಣವು ಯಾವ ಠಾಣೆಯ ದಾಖಲೆಯಲ್ಲಿಯೂ ಇರುವುದಿಲ್ಲ. ಆದುದರಿಂದ ಎರಡು ಬಾರಿ ಅಪರಾಧವೆಸಗಿದವನು ಮೂರನೆಯ ಬಾರಿ ಸಿಕ್ಕಿಬಿದ್ದಾಗ, ವಿದ್ಯಾವಂತನಾದ ಮನಶ್ಶಾಸ್ತ್ರಜ್ಞನ ಮುಂದೆ ನಿಷ್ಕಳಂಕ ಚರಿತ್ರೆಯವನಾಗಿ ಕುಳಿತಿರುತ್ತಾನೆ. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮು ಕೃತ್ಯವನ್ನು ಅರಿತ ಪ್ರತಿಯೊಬ್ಬನೂ ಪೊಲೀಸರಿಗೆ ತಿಳಿಸಬೇಕೆಂದು ವಿಧಿಸಿರುವುದು ಶಿಕ್ಷೆಗಾಗಿ ಮಾತ್ರವಲ್ಲ, ಮುಂದಿನ ಮಗುವಿನ ರಕ್ಷಣೆಗಾಗಿಯೂ ಎಷ್ಟು ಅವಶ್ಯವೆಂಬುದು ಇಲ್ಲಿ ವಿಶದವಾಗುತ್ತದೆ.

ಮನಃಪರೀಕ್ಷೆಯು ಅಪರಾಧ ನಡೆಯಿತೇ ಇಲ್ಲವೇ ಎಂಬುದನ್ನು ಹೇಳಲಾರದೆಂಬುದನ್ನೂ ಮರೆಯಬಾರದು. ಅದಕ್ಕೆಂದು ಬಳಸುವ ಮಂಪರು ಪರೀಕ್ಷೆ, ಸುಳ್ಳುಪತ್ತೆ ಮೊದಲಾದುವನ್ನೂ ಬಲವಂತದಿಂದ ನಡೆಯಿಸತಕ್ಕದ್ದಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ, ಸೆಲ್ವಿ ವಿರುದ್ಧ ಕರ್ನಾಟಕ ಸರಕಾರದ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಅಪಾಯವನ್ನು ಅಂದಾಜು ಮಾಡುವ ಮನಶ್ಶಾಸ್ತ್ರಜ್ಞನ ಕೆಲಸವು ನ್ಯಾಯನಿರ್ಣಯದ ಅನಂತರದ್ದು: ದೀರ್ಘ ಸಂದರ್ಶನ, ಕುಟುಂಬದವರ ವಿಚಾರಣೆ, ಕುಡಿತದ ಇತಿಹಾಸ, 'ಕೂಸಿಗೇನೂ ಆಗಿಲ್ಲ' ಎಂಬಂತಹ ಆತ್ಮವಂಚನೆಯ ಮಾತುಗಳ ಪರಿಶೀಲನೆ.

ಕೆನಡಾದ ಕೈದಿಗಳ ಮೇಲೆ ಪರೀಕ್ಷಿಸಿದ ಅಂಕಗಳನ್ನು ಸಿಂದಗಿಯವನಿಗೆ ಹಾಗೆಯೇ ಹೊಂದಿಸುವುದು ಸಾಧುವಲ್ಲ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ವಿದ್ವಾಂಸರಿದ್ದಾರೆ; ಗುಳೆ, ಕೂಡುಕುಟುಂಬ, ರಾಜಿ ಪಂಚಾಯಿತಿಗಳನ್ನೆಲ್ಲ ಒಳಗೊಂಡು, ಕನ್ನಡದಲ್ಲಿಯೇ ಪ್ರಶ್ನೆ ಕೇಳುವ ಮಾಪಕವೊಂದನ್ನು ಅವರು ನಿರ್ಮಿಸಿ, ಅದನ್ನು ವಿಜಯಪುರದ ಕಾರಾಗೃಹದಲ್ಲಿಯೂ ಮೇಲೆ ಹೇಳಿದ ನಾಲ್ಕು ಊರುಗಳ ತಾಲೂಕು ಆಸ್ಪತ್ರೆಗಳಲ್ಲಿಯೂ ಬಳಕೆಗೆ ತರಬೇಕು.