ಬಣ್ಣ ಬೇಡದ ಕರಿಕಂಬಳಿ

ಮೊಳಕಾಲ್ಮುರು ಎಂದೊಡನೆ ನೆನಪಾಗುವುದು ಬಣ್ಣಬಣ್ಣದ ರೇಷ್ಮೆ ಸೀರೆ. ಪಕ್ಕದ ಚಳ್ಳಕೆರೆ ಎಂದರೆ ಕಂಬಳಿ. ಎರಡೂ ಚಿತ್ರದುರ್ಗ ಜಿಲ್ಲೆಯ ಕೈಮಗ್ಗದ ಕೂಸುಗಳೇ. ಆದರೆ ಒಂದಕ್ಕೆ ಬಣ್ಣವೇ ಜೀವ. ಇನ್ನೊಂದಕ್ಕೆ ಬಣ್ಣದ ಹಂಡೆಯ ಗೊಡವೆಯೇ ಇಲ್ಲ. ಏಕೆ?

ರೇಷ್ಮೆ ನೂಲನ್ನು ಬಣ್ಣಕ್ಕೆ ಮೊದಲು ಸೋಪು, ಸೋಡಾ ಬೆರೆಸಿದ ನೀರಿನಲ್ಲಿ ಕುದಿಸುತ್ತಾರೆ. ಎಳೆಗಂಟಿದ ಗೋಂದು ಕರಗಿ ತೂಕದ ಸುಮಾರು ಕಾಲು ಭಾಗ ಹೋಗುತ್ತದೆ. ಉಳಿದದ್ದಕ್ಕೆ ಹೊಳಪು, ನಯ ಬರುತ್ತದೆ. ಉಣ್ಣೆಗೆ ಈ ಉಪಚಾರ ಒಗ್ಗದು. ನಮ್ಮ ತಲೆಗೂದಲಿನಂತೆ ಅದೂ ಕೆರಾಟಿನ್ ಎಂಬ ಪ್ರೋಟೀನು. ಕ್ಷಾರ ಅದಕ್ಕೆ ವೈರಿ. ಶೇಕಡಾ 5ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕುದಿಸಿದರೆ ಉಣ್ಣೆ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ!

ಅದಕ್ಕೇ ಗಿರಣಿಗಳಲ್ಲಿ ಉಣ್ಣೆಗೆ ಸಾಮಾನ್ಯವಾಗಿ ಆಮ್ಲ ಬೆರೆಸಿದ ಬಿಸಿನೀರಿನಲ್ಲಿ ಬಣ್ಣ ಹಾಕುತ್ತಾರೆ. ಅಲ್ಲೂ ಹೆಚ್ಚು ಹೊತ್ತು ಕುದಿಸಿದಷ್ಟೂ ಎಳೆಯ ಬಲ ಕುಂದುತ್ತದೆ. ಕರಿ ಉಣ್ಣೆಗೆ ತಿಳಿಬಣ್ಣ ಬೇಕೆಂದರೆ ಮೊದಲು ಅದರ ಕಪ್ಪನ್ನು ತೆಗೆಯಬೇಕು. ಅದು ಇನ್ನೊಂದು ಪೆಟ್ಟು. ಗಿರಣಿಯವರು ಬಿಳಿ ಉಣ್ಣೆಗೆ ಕೊಡುವ ಮಾನವನ್ನು ಕರಿ ಉಣ್ಣೆಗೆ ಕೊಡದಿರುವುದು ಇದರಿಂದಲೇ.

ಕುರುಬ ನೇಕಾರರು ಈ ಕೊರತೆಯನ್ನೇ ಗುಣವಾಗಿಸಿಕೊಂಡರು. ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಅಂಚಿಗೆ ಬಿಳಿ ಗೆರೆ ಬೇಕೆಂದರೆ ಬಿಳಿ ಕುರಿಯ ಉಣ್ಣೆ ಇದ್ದೇ ಇದೆ. ಕುದಿತದ ಪೆಟ್ಟು ತಿನ್ನದ ಎಳೆಯ ಕಸುವು ಹಾಗೇ ಉಳಿಯುತ್ತದೆ.

ಅವರು ಕೊಡುವ ಮುಖ್ಯ ಸಂಸ್ಕಾರವೆಂದರೆ ಹುಣಸೆ ಬೀಜದ ಗಂಜಿ. ಬೀಜವನ್ನು ಅರೆದು ಬೇಯಿಸಿ, ಹಾಸಿನ ನೂಲಿಗೆ ಬಳಿದು ಒಣಗಿಸುತ್ತಾರೆ. ಎದ್ದುನಿಂತ ಕೂದಲು ಮಲಗಿ, ನೂಲು ಬಿಗಿಯಾಗಿ, ಮಗ್ಗದ ತಿಕ್ಕಾಟಕ್ಕೆ ಹರಿಯದು. ಹೊಸ ಕಂಬಳಿ ಸೆಟೆದುಕೊಂಡಿರಲು ಈ ಗಂಜಿಯೂ ಕಾರಣ. ಒಗೆದಂತೆ ಗಂಜಿ ಬಿಟ್ಟು ಮೆತ್ತಗಾಗುತ್ತದೆ.

ಉಣ್ಣೆಯೆಳೆಯ ಹೊರಮೈ ನೀರಿಗೆ ಸುಲಭವಾಗಿ ಒಲಿಯದು. ಒಳಗೆ ಮಾತ್ರ ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸದು. ಕುರಿಗಾಹಿ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ನಿಲ್ಲುವುದು ಸುಮ್ಮನೆ ಅಲ್ಲ.

ಹಳೆ ಉಣ್ಣೆಬಟ್ಟೆಗಳನ್ನು ಹಿಂಜಿ ತಯಾರಿಸುವ ಪಾಣಿಪತ್ತಿನ ರಂಗುರಂಗಿನ ಅಗ್ಗದ ಹೊದಿಕೆಗಳ ಎದುರು ಕರಿಕಂಬಳಿ ಒರಟಾಗಿ ಕಂಡೀತು. ಕೊಳ್ಳುವವರು ಬಣ್ಣವನ್ನಷ್ಟೇ ನೋಡಿದರೆ ಸೋಲುವುದು ಮಗ್ಗ ಮಾತ್ರವಲ್ಲ, ಉಣ್ಣೆ ಮಾರುವ ಕುರಿಗಾಹಿಯೂ ಹೌದು.

ಮನೆಯಲ್ಲಿ ಕಂಬಳಿ ಇದ್ದವರಿಗೊಂದು ಮಾತು: ಬಿಸಿನೀರು, ಸೋಡಾ ಬೇಡ, ಉಜ್ಜಲೂ ಬೇಡಿ. ಎಳೆಯ ಮೇಲಿನ ಹೆಂಚಿನಂಥ ಹುರುಪೆಗಳು ಒಂದಕ್ಕೊಂದು ಸಿಕ್ಕಿ ಕಂಬಳಿ ಕುಗ್ಗುತ್ತದೆ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ನೆರಳಲ್ಲಿ ಹರಡಿ. ಬಹುಕಾಲ ಬೆಚ್ಚಗಿಟ್ಟೀತು.