ಬಿಗಿದ ಕಾಲಹರಡು ಮತ್ತು ಎಳೆತದ ಯಂತ್ರ

ಪಾರ್ಶ್ವವಾಯುವಿಗೆ ತುತ್ತಾಗಿ ಜೀವ ಉಳಿಸಿಕೊಂಡವರಲ್ಲಿ ಅನೇಕರ ನಡಿಗೆಯನ್ನು ತಡೆಯುವುದು ಬಲಹೀನತೆಯೊಂದೇ ಅಲ್ಲ, ಕಾಲಹರಡಿನ ಬಿಗಿತವೂ ಹೌದು. ಪಾದವು ಕೆಳಮುಖವಾಗಿ ಚಾಚಿ ಒಳಕ್ಕೆ ತಿರುಗುತ್ತದೆ. ಹಿಮ್ಮಡಿ ನೆಲವನ್ನು ಮುಟ್ಟದು. ಹೆಜ್ಜೆಯೆತ್ತಿದಾಗ ಬೆರಳುಗಳು ನೆಲಕ್ಕೆ ತಾಗಿ ರೋಗಿಯು ಎಡವುತ್ತಾನೆ. ಸಹಜವಾದ ನಡಿಗೆಯಲ್ಲಿ ಊರಿದ ಪಾದದ ಮೇಲೆ ಕಣಕಾಲು ಸುಮಾರು 10 ಡಿಗ್ರಿ ಮುಂದಕ್ಕೆ ಬಾಗಬೇಕು. ಈ ಅಲ್ಪ ಕೋನವೊಂದು ನಷ್ಟವಾದರೆ ಇಡೀ ನಡಿಗೆಯೇ ಕುಂಟುತ್ತದೆ.

ಬಿಗಿತಕ್ಕೆ ಮೂಲಗಳು ಎರಡು. ಮೊದಲನೆಯದು ನರಸಂಬಂಧವಾದುದು. ಎಳೆದ ಸ್ನಾಯು ಪ್ರತಿಯಾಗಿ ಸಂಕುಚಿಸುವುದು ಬೆನ್ನುಹುರಿಯ ಧರ್ಮ. ಅದಕ್ಕೆ ಮಿದುಳು ಕಡಿವಾಣ ಹಾಕಿರುತ್ತದೆ. ಮಿದುಳಿಗೆ ಆಘಾತವಾದಾಗ ಕಡಿವಾಣ ಸಡಿಲುತ್ತದೆ. ಆಸ್ಟ್ರೇಲಿಯದ ನರವೈದ್ಯ ಜೇಮ್ಸ್ ಲ್ಯಾನ್ಸ್ 1980ರಲ್ಲಿ ಈ ಸೆಡೆತದ ಲಕ್ಷಣವನ್ನು ನಿರೂಪಿಸುತ್ತ, ಎಳೆತದ ವೇಗ ಹೆಚ್ಚಿದಷ್ಟೂ ಪ್ರತಿರೋಧ ಹೆಚ್ಚುವುದೆಂಬುದನ್ನು ಎತ್ತಿ ತೋರಿಸಿದರು. ಎರಡನೆಯದು ಸ್ನಾಯುವಿನದೇ ಮಾರ್ಪಾಡು. 1972ರಲ್ಲಿ ಪ್ರಕಟವಾದ ಟಾಬರಿ ಮತ್ತು ಅವರ ಸಂಗಡಿಗರ ಪ್ರಯೋಗದಲ್ಲಿ, ಬೆಕ್ಕಿನ ಮೀನಖಂಡದ ಸ್ನಾಯುವೊಂದನ್ನು ಮೊಟಕಾದ ಸ್ಥಿತಿಯಲ್ಲಿ ಪ್ಲಾಸ್ಟರ್ ಕಟ್ಟಿನಲ್ಲಿರಿಸಲಾಯಿತು. ಎಳೆಗಳಲ್ಲಿ ಸಾಲುಗೂಡಿದ ಸಂಕೋಚಘಟಕಗಳ ಸಂಖ್ಯೆ ನೂರಕ್ಕೆ ಸುಮಾರು 40ರಷ್ಟು ಇಳಿಯಿತು. ಕಟ್ಟು ಬಿಚ್ಚಿದ ಮೇಲೆ ಅದು ಮರಳಿ ಏರಿತು. ಸ್ನಾಯುವು ತಾನಿರುವ ಉದ್ದಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆಂಬುದು ಇದರಿಂದ ವಿದಿತವಾಗುವುದು.

ಆದಕಾರಣ ಎಳೆತವು ನಿಧಾನವಾಗಿರಬೇಕು, ದೃಢವಾಗಿರಬೇಕು, ಪ್ರತಿದಿನವೂ ನಡೆಯಬೇಕು. ಮನುಷ್ಯನ ಕೈ ದಣಿಯುತ್ತದೆ. ಇಂದಿನ ಬಲ ನಾಳೆ ಇರದು. ಈ ಕೊರತೆಯನ್ನು ತುಂಬಲು ಯಂತ್ರ ಬಂದಿತು. 2002ರಲ್ಲಿ ಶಿಕಾಗೋದ ಲೀ-ಚುನ್ ಜಾಂಗ್ ಮತ್ತು ಅವರ ಸಂಗಡಿಗರು ವಿವರಿಸಿದ ಉಪಕರಣವನ್ನೇ ನೋಡಬಹುದು. ಪಾದವನ್ನು ಒಂದು ಫಲಕಕ್ಕೆ ಬಿಗಿದು ಮೋಟಾರು ಅದನ್ನು ಮೇಲಕ್ಕೆ ಬಾಗಿಸುತ್ತದೆ. ಕೀಲಿನ ಪ್ರತಿರೋಧ ಏರಿದಂತೆ ಯಂತ್ರದ ವೇಗ ಇಳಿಯುತ್ತದೆ. ಮೊದಲೇ ಗೊತ್ತುಮಾಡಿದ ಬಲದ ಮಿತಿಯನ್ನು ಮುಟ್ಟಿದೊಡನೆ ನಿಂತು, ಕೆಲವು ಸೆಕೆಂಡು ಹಿಡಿದು, ಹಿಂದಿರುಗುತ್ತದೆ. ಲ್ಯಾನ್ಸರ ಸೂತ್ರವನ್ನೇ ಯಂತ್ರಕ್ಕೆ ಕಲಿಸಿದಂತಾಯಿತು. ಕೀಲು ಎಷ್ಟು ಡಿಗ್ರಿ ಬಾಗಿತೆಂಬ ಲೆಕ್ಕವೂ ಉಳಿಯುತ್ತದೆ.

ಇದರಿಂದ ಗುಣವಾಗುವುದೇ ಎಂಬುದು ಮನೆಯವರ ಪ್ರಶ್ನೆ. ಎಳೆತದ ಬೆನ್ನಿಗೇ ಕೀಲು ಸಡಿಲಗೊಳ್ಳುವುದು ಕಂಡುಬಂದಿದೆ. ಆದರೆ 2017ರ ಕಾಕ್ರೇನ್ ಸಮೀಕ್ಷೆಯು 2,135 ಜನರನ್ನೊಳಗೊಂಡ 49 ಅಧ್ಯಯನಗಳನ್ನು ಪರಿಶೀಲಿಸಿ, ಕೈಯಿಂದಾಗಲಿ ಪಟ್ಟಿಯಿಂದಾಗಲಿ ಏಳು ತಿಂಗಳಿಗಿಂತ ಕಡಿಮೆ ಕಾಲ ನೀಡಿದ ಎಳೆತದಿಂದ ಕೀಲಿನ ಚಲನೆಯಲ್ಲಿ ಗಣನೀಯ ಲಾಭವಿಲ್ಲವೆಂದು ತೀರ್ಮಾನಿಸಿತು. ದಿನದ ಅರ್ಧ ಗಂಟೆಯ ಎಳೆತ, ಉಳಿದ ಹೊತ್ತಿನ ಮೊಟಕುಸ್ಥಿತಿಯನ್ನು ಗೆಲ್ಲುವುದು ಸುಲಭವಲ್ಲ. ಅಲ್ಲದೆ ಎಳೆತವು ಬಲವನ್ನು ಕೊಡದು. ಆದ್ದರಿಂದಲೇ ಮುಂದಿನ ಉಪಕರಣಗಳಲ್ಲಿ, ಸಡಿಲಗೊಂಡ ಪಾದವನ್ನು ರೋಗಿಯು ತಾನೇ ಆಡಿಸುವ ಅಭ್ಯಾಸವನ್ನೂ ಸೇರಿಸಿದರು.

ಇಂಥ ಯಂತ್ರಕ್ಕಾಗಿ ಮನೆಯ ಉಳಿತಾಯವನ್ನು ವೆಚ್ಚಮಾಡಲು ಹೊರಟವರು ಮೂರು ಮಾತುಗಳನ್ನು ವಿಚಾರಿಸಬೇಕು: ಬಿಗಿತವು ನರದ್ದೋ ಸ್ನಾಯುವಿನದೋ, ಸ್ಪರ್ಶಜ್ಞಾನ ಕುಂದಿದ ಪಾದದಲ್ಲಿ ಹುಣ್ಣಾಗದಂತೆ, ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅಪಾಯವಾಗದಂತೆ ವೈದ್ಯರ ಪರೀಕ್ಷೆ ನಡೆದಿದೆಯೋ, ಎಳೆತದ ಅನಂತರ ನಿಲ್ಲಿಸಿ ನಡೆಯಿಸುವವರು ಇದ್ದಾರೆಯೋ. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ, ಯಂತ್ರ ಗಳಿಸಿಕೊಟ್ಟ ಡಿಗ್ರಿಗಳು ಹೆಜ್ಜೆಗಳಾಗಿ ಪರಿಣಮಿಸುವುದು ಕಷ್ಟ.